ದಂತದಲ್ಲಿ ಉಳಿದ ಹೆಸರು: ರೋಮನ್ ಕಾನ್ಸಲರ ಜೋಡಿಫಲಕಗಳು

ಸ್ಮಾರಕವೆಂದೊಡನೆ ಕನ್ನಡ ನಾಡಿನ ಇತಿಹಾಸ ವಿದ್ಯಾರ್ಥಿಯ ಕಣ್ಣೆದುರಿಗೆ ಬರುವುದು ಕಲ್ಲು. ಊರ ಮುಂದಣ ವೀರಗಲ್ಲು, ಮಾಸ್ತಿಗಲ್ಲು, ಬೆಟ್ಟದ ಮೇಲಣ ನಿಸಿದಿ, ಇವೆಲ್ಲವೂ ಸತ್ತವರ ಹೆಸರನ್ನು ಒಂದು ನೆಲಕ್ಕೆ ಸೇರಿಸಿ ನಿಲ್ಲಿಸಿದ ವಸ್ತುಗಳು. ನೋಡಬೇಕಾದವನು ಅಲ್ಲಿಗೆ ಹೋಗಬೇಕು. ಕಲ್ಲು ಅವನ ಬಳಿಗೆ ಬರುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಕೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕದಾಗಿ, ಒಬ್ಬನಿಂದ ಇನ್ನೊಬ್ಬನಿಗೆ ಸಾಗುವಂತೆಯೇ ರಚಿಸಿದ ಸ್ಮಾರಕಗಳೂ ಪ್ರಪಂಚದ ಇತಿಹಾಸದಲ್ಲಿವೆ. ಕ್ರಿ. ಶ. ನಾಲ್ಕನೆಯ ಶತಮಾನದ ಕೊನೆಯಿಂದ ಆರನೆಯ ಶತಮಾನದ ಮಧ್ಯಭಾಗದವರೆಗೆ ರೋಮನ್ ಸಾಮ್ರಾಜ್ಯದಲ್ಲಿ ರೂಢಿಯಲ್ಲಿದ್ದ ಆನೆದಂತದ ಜೋಡಿಫಲಕಗಳು ಅಂಥವುಗಳಲ್ಲಿ ಪ್ರಮುಖವಾದುವು.

ಪಠ್ಯಪುಸ್ತಕಗಳಲ್ಲಿ ಈ ಫಲಕಗಳು ಬಂದರೆ ಒಂದು ಚಿತ್ರವಾಗಿ ಬರುತ್ತವೆ. ಅದರ ಕೆಳಗೆ ರೋಮನ್ ಶಿಲ್ಪವು ಅವನತಿ ಹೊಂದಿತೆಂಬ ಒಂದು ವಾಕ್ಯವಿರುತ್ತದೆ. ಪೀಠದ ಮೇಲೆ ಸೆಟೆದು ಕುಳಿತ ಒಬ್ಬ ಅಧಿಕಾರಿ, ಅವನ ಕಾಲ ಕೆಳಗೆ ಗೊಂಬೆಗಳಂಥ ಚಿಕ್ಕ ಚಿಕ್ಕ ಮನುಷ್ಯರು. ಇಷ್ಟನ್ನು ನೋಡಿ ವಿದ್ಯಾರ್ಥಿಯು ಪುಟವನ್ನು ತಿರುವುತ್ತಾನೆ. ಈ ಫಲಕಗಳನ್ನು ಶಿಲ್ಪವೆಂದು ಮಾತ್ರವಲ್ಲದೆ ದಾಖಲೆಯೆಂದು ಓದಬೇಕೆಂಬುದು ಪ್ರಸ್ತುತ ಲೇಖನದ ಅಭಿಪ್ರಾಯ. ಅವು ಹುಟ್ಟಿದ್ದು ಒಬ್ಬನ ಹೆಸರನ್ನು ಉಳಿಸುವುದಕ್ಕಾಗಿ. ಆದರೆ ಅವುಗಳಲ್ಲಿ ಎಷ್ಟೋ ಇಂದಿಗೂ ಉಳಿದಿರುವುದು, ನಂತರ ಬಂದವರು ಅವುಗಳ ಮೇಲೆ ಬೇರೆ ಹೆಸರುಗಳನ್ನು ಬರೆದುದರಿಂದ. ಈ ಎರಡಕ್ಕೂ ಕಾರಣವನ್ನು ದಂತವೆಂಬ ದ್ರವ್ಯದ ಸ್ವಭಾವದಲ್ಲಿಯೇ ಹುಡುಕಬೇಕು.

ಮೊದಲು ವಸ್ತುವಿನ ಪರಿಚಯ. ಗ್ರೀಕರೂ ರೋಮನರೂ ನಿತ್ಯದ ಲೆಕ್ಕಪತ್ರಗಳಿಗೆ ಮೇಣದ ಹಲಗೆಗಳನ್ನು ಬಳಸುತ್ತಿದ್ದರು. ಎರಡು ಚಿಕ್ಕ ಹಲಗೆಗಳ ಒಳಮೈಯನ್ನು ಸ್ವಲ್ಪ ತಗ್ಗಾಗಿ ಕೊರೆದು, ಅದರಲ್ಲಿ ಮೇಣವನ್ನು ತುಂಬಿ, ಎರಡನ್ನೂ ಕೀಲಿನಿಂದ ಜೋಡಿಸಿದರೆ ಪುಸ್ತಕದಂತೆ ಮಡಿಸಬಹುದಾದ ಬರವಣಿಗೆಯ ಸಾಧನವಾಗುತ್ತಿತ್ತು. ಮೊನಚಾದ ಕಡ್ಡಿಯಿಂದ ಬರೆಯುವುದು, ಬೇಡವಾದಾಗ ಮೇಣವನ್ನು ಸವರಿ ಅಳಿಸುವುದು. ಎರಡು ಮಡಿಕೆಯುಳ್ಳದ್ದು ಎಂಬ ಅರ್ಥದಲ್ಲಿ ಇದಕ್ಕೆ ಗ್ರೀಕಿನಲ್ಲಿ ಡಿಪ್ಟಿಕ್ ಎಂಬ ಹೆಸರಾಯಿತು. ನಮ್ಮಲ್ಲಿ ಇದಕ್ಕೆ ಸಮೀಪವಾದ ವಸ್ತುವೆಂದರೆ ಕಡತ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆದು, ಬೇಡವಾದಾಗ ಒರಸುತ್ತಿದ್ದ ಆ ಕಡತವನ್ನು ನಮ್ಮ ಶಾನುಭೋಗರೂ ವರ್ತಕರೂ ಬಹುಕಾಲ ಬಳಸಿದರು. ವಸ್ತು ಹೋದ ಮೇಲೂ ಕಡತವೆಂಬ ಮಾತು ಕಚೇರಿಯ ಕಾಗದಪತ್ರಗಳ ಕಟ್ಟಿಗೆ ಅಂಟಿಕೊಂಡು ಉಳಿದಿದೆ. ಡಿಪ್ಟಿಕ್ ಎಂಬ ಮಾತಿಗೂ ಇಂಥದೇ ಗತಿ ಒದಗಿತೆಂಬುದನ್ನು ಮುಂದೆ ನೋಡಲಿದ್ದೇವೆ.

ಮರದ ಹಲಗೆಯ ಸ್ಥಾನದಲ್ಲಿ ದಂತವನ್ನಿಟ್ಟು, ಹೊರಮೈಯನ್ನು ಕೆತ್ತನೆಯಿಂದ ತುಂಬಿ, ಅಳತೆಯನ್ನು ಹಿಗ್ಗಿಸಿದಾಗ ಬರವಣಿಗೆಯ ಸಾಧನವು ಉಡುಗೊರೆಯಾಯಿತು. ಕಾನ್ಸಲರ ಫಲಕಗಳು ಸಾಮಾನ್ಯವಾಗಿ ೩೫ರಿಂದ ೪೦ ಸೆಂಟಿಮೀಟರ್ ಎತ್ತರ, ೧೨ರಿಂದ ೧೪ ಸೆಂಟಿಮೀಟರ್ ಅಗಲ ಇರುತ್ತವೆ. ಕೈಹಲಗೆಯಾಗಿ ಹಿಡಿದು ಬರೆಯುವುದಕ್ಕೆ ಇದು ಅನುಕೂಲವಾದ ಪ್ರಮಾಣವಲ್ಲ. ಆದರೂ ಒಳಮೈಯ ಮೇಣದ ತಗ್ಗನ್ನು ಶಿಲ್ಪಿಗಳು ಬಿಡಲಿಲ್ಲ. ಹಳೆಯ ರೂಪಕ್ಕೆ ತೋರಿದ ಈ ಮರ್ಯಾದೆಯೇ ಮುಂದೆ ಫಲಕಗಳ ಪ್ರಾಣವನ್ನು ಕಾಯಿತು.

ಉಡುಗೊರೆ ಕೊಡುತ್ತಿದ್ದವನು ಕಾನ್ಸಲ್. ಗಣರಾಜ್ಯದ ಕಾಲದಲ್ಲಿ ಸೈನ್ಯವನ್ನು ನಡೆಸಿ ರಾಜ್ಯವನ್ನಾಳುತ್ತಿದ್ದ ಈ ಪದವಿಗೆ ನಾಲ್ಕನೆಯ ಶತಮಾನದ ವೇಳೆಗೆ ಅಧಿಕಾರವೇನೂ ಉಳಿದಿರಲಿಲ್ಲ, ಅಧಿಕಾರವೆಲ್ಲ ಚಕ್ರವರ್ತಿಯದು. ಆದರೆ ಪದವಿಗೆ ಒಂದು ಅಸಾಧಾರಣವಾದ ಗೌರವ ಮಾತ್ರ ಹಾಗೆಯೇ ಇತ್ತು. ರೋಮನರು ವರ್ಷವನ್ನು ಆ ವರ್ಷದ ಕಾನ್ಸಲರ ಹೆಸರಿನಿಂದ ಕರೆಯುತ್ತಿದ್ದರು. ಕರಾರುಪತ್ರ, ಕಾನೂನು, ಗೋರಿಯ ಮೇಲಣ ಬರಹ, ಎಲ್ಲದರ ಮೇಲೂ ಇಂಥಿಂಥವರು ಕಾನ್ಸಲರಾಗಿದ್ದಾಗ ಎಂದು ಬರೆಯಬೇಕಾಗಿತ್ತು. ಜನವರಿ ಒಂದನೆಯ ತಾರೀಕು ಪದವಿಯನ್ನು ಸ್ವೀಕರಿಸಿದವನು ಕಾಲಗಣನೆಯಲ್ಲಿಯೇ ಸೇರಿಹೋಗುತ್ತಿದ್ದನು. ಅಂದು ಅವನು ಪ್ರಜೆಗಳಿಗೆ ರಥಸ್ಪರ್ಧೆ, ಮೃಗಯುದ್ಧ, ನಾಟಕಗಳನ್ನು ಆಡಿಸಿ, ಹಣವನ್ನು ಚೆಲ್ಲಿ, ಗಣ್ಯರಿಗೂ ಮಿತ್ರರಿಗೂ ದಂತದ ಜೋಡಿಫಲಕಗಳನ್ನು ಕಳುಹಿಸುತ್ತಿದ್ದನು.

ಈ ರೂಢಿಯು ಎಷ್ಟು ಹರಡಿತ್ತೆಂಬುದಕ್ಕೆ ಒಂದು ಶಾಸನವೇ ಸಾಕ್ಷಿ. ಕ್ರಿ. ಶ. ೩೮೪ರಲ್ಲಿ ಥಿಯೊಡೋಷಿಯಸ್ ಚಕ್ರವರ್ತಿಯು ಹೊರಡಿಸಿದ ಆಜ್ಞೆಯಂತೆ, ವರ್ಷಕ್ಕೆ ಹೆಸರು ಕೊಡುವ ಕಾನ್ಸಲರ ಹೊರತು ಬೇರೆ ಯಾರೂ ಚಿನ್ನದ ಕಾಣಿಕೆಯನ್ನಾಗಲಿ ದಂತದ ಜೋಡಿಫಲಕವನ್ನಾಗಲಿ ಹಂಚಕೂಡದು. ನಿಷೇಧವಿದ್ದಲ್ಲಿ ಆಚರಣೆಯೂ ಇರುತ್ತದೆಂಬುದನ್ನು ಶಾಸನಗಳನ್ನು ಓದಿದವರಿಗೆ ಹೇಳಬೇಕಾಗಿಲ್ಲ. ಪಶ್ಚಿಮದಲ್ಲಂತೂ ಈ ಆಜ್ಞೆಯನ್ನು ಯಾರೂ ಲಕ್ಷಿಸಿದಂತೆ ಕಾಣುವುದಿಲ್ಲ. ರೋಮಿನ ಪ್ರಸಿದ್ಧ ಸೆನೆಟರ್ ಸಿಮ್ಮಾಕಸನು ೩೯೩ರಲ್ಲಿ ತನ್ನ ಮಗನು ಕಾನ್ಸಲ್ ಪದವಿಗಿಂತ ಬಹಳ ಕೆಳಗಿನದಾದ ಕ್ವೀಸ್ಟರ್ ಪದವಿಗೆ ಬಂದಾಗ, ಚಕ್ರವರ್ತಿಗೆ ಚಿನ್ನದ ಕಟ್ಟು ಹಾಕಿಸಿದ ಜೋಡಿಫಲಕವನ್ನೂ ಮಿತ್ರರಿಗೆ ದಂತದ ಫಲಕಗಳನ್ನೂ ಸಣ್ಣ ಬೆಳ್ಳಿಯ ಪಾತ್ರೆಗಳನ್ನೂ ಕಳುಹಿಸಿದುದಾಗಿ ತನ್ನ ಪತ್ರಗಳಲ್ಲಿ ತಾನೇ ಹೇಳಿಕೊಂಡಿದ್ದಾನೆ.

ಇಷ್ಟೊಂದು ದ್ರವ್ಯಗಳಿರುವಾಗ ದಂತವನ್ನೇ ಏಕೆ ಆರಿಸಿಕೊಂಡರು? ದಂತವು ಬಹು ಬೆಲೆಯುಳ್ಳ ವಸ್ತುವಾದುದರಿಂದ ಎಂಬ ಉತ್ತರ ಎಲ್ಲರಿಗೂ ಮೊದಲು ಹೊಳೆಯತಕ್ಕದ್ದು. ಆದರೆ ಅದು ನಿಲ್ಲುವುದಿಲ್ಲ. ಡಯೊಕ್ಲೀಷಿಯನ್ ಚಕ್ರವರ್ತಿಯು ೩೦೧ರಲ್ಲಿ ಪದಾರ್ಥಗಳ ಗರಿಷ್ಠ ಬೆಲೆಗಳನ್ನು ಗೊತ್ತುಮಾಡಿ ಹೊರಡಿಸಿದ ಶಾಸನದಲ್ಲಿ ಒಂದು ಪೌಂಡ್ ದಂತದ ಬೆಲೆ ೧೫೦ ದಿನಾರಿ. ಒಂದು ಪೌಂಡ್ ಬೆಳ್ಳಿಗೆ ೬,೦೦೦ ದಿನಾರಿ. ಅಂದರೆ ದಂತದ ಬೆಲೆ ಬೆಳ್ಳಿಯ ನಲವತ್ತರಲ್ಲಿ ಒಂದು ಪಾಲು. ಈ ಶಾಸನವು ಕಾನ್ಸಲರ ಫಲಕಗಳಿಗಿಂತ ಹಿಂದಿನದೆಂಬುದು ನಿಜವಾದರೂ ಆ ಕಾಲದಲ್ಲಿ ದಂತವು ನಾವು ಭಾವಿಸಿಕೊಂಡಂಥ ದುರ್ಲಭ ವಸ್ತುವಾಗಿರಲಿಲ್ಲವೆಂಬುದನ್ನು ಇದರಿಂದ ಒಪ್ಪಬೇಕಾಗುತ್ತದೆ. ಕಾರಣವನ್ನು ಬೇರೆಡೆಯಲ್ಲಿ ಹುಡುಕಬೇಕು. ರೋಮನ್ ಪರಂಪರೆಯಲ್ಲಿ ಕಾನ್ಸಲನು ಕುಳಿತುಕೊಳ್ಳುತ್ತಿದ್ದ ಮಡಿಸುವ ಅಧಿಕಾರಪೀಠವು ದಂತದ್ದು. ಅವನ ಕೈಯ ರಾಜದಂಡವೂ ದಂತದ್ದು. ಆದುದರಿಂದ ದಂತದ ಫಲಕವನ್ನು ಕಳುಹಿಸುವವನು ತನ್ನ ಪೀಠದ ಒಂದು ತುಣುಕನ್ನೇ ಮಿತ್ರನ ಮನೆಗೆ ಕಳುಹಿಸಿದಂತೆ ಆಗುತ್ತಿತ್ತು. ಬೆಲೆಗಿಂತ ಈ ಸಂಬಂಧವೇ ಮುಖ್ಯವೆಂದು ನನಗೆ ತೋರುತ್ತದೆ.

ಇನ್ನು ದ್ರವ್ಯದ ಗುಣಗಳು. ಆನೆಯ ಕೊಂಬೆಂದು ನಾವು ವಾಡಿಕೆಯಲ್ಲಿ ಹೇಳುವುದು ವಾಸ್ತವವಾಗಿ ಅದರ ಮೇಲ್ದವಡೆಯ ಹಲ್ಲು. ಬುಡದ ಕಡೆ ಸುಮಾರು ಮೂರನೆಯ ಒಂದು ಭಾಗ ಪೊಳ್ಳಾಗಿದ್ದು, ತುದಿಯ ಕಡೆಗೆ ಹೋದಂತೆಲ್ಲ ಗಟ್ಟಿಯಾಗುತ್ತದೆ. ಮರದಲ್ಲಿರುವಂತೆ ಒಂದೇ ದಿಕ್ಕಿಗೆ ಸೀಳುವ ಎಳೆ ದಂತದಲ್ಲಿ ಇಲ್ಲವಾದುದರಿಂದ ಉಳಿಯು ಯಾವ ದಿಕ್ಕಿನಲ್ಲಿಯಾದರೂ ನಯವಾಗಿ ಹೋಗುತ್ತದೆ. ಕೂದಲೆಳೆಯಷ್ಟು ತೆಳುವಾದ ಗೆರೆಯೂ ನಿಲ್ಲುತ್ತದೆ. ಉಜ್ಜಿದರೆ ಚರ್ಮದಂಥ ಕಾಂತಿ ಬರುತ್ತದೆ. ಶಾಖ ಮತ್ತು ಒಣಹವೆಗೆ ಅದು ಬಿರಿಯುತ್ತದೆ. ಬೆಂಕಿಗೆ ಬಿದ್ದರೆ ಕರಿಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಒಂದುಂಟು: ದಂತವನ್ನು ಕರಗಿಸಲಾಗದು. ಕಂಚಿನ ವಿಗ್ರಹವನ್ನು ಕರಗಿಸಿ ನಾಣ್ಯವನ್ನೋ ಪಾತ್ರೆಯನ್ನೋ ಮಾಡಬಹುದು; ನಮ್ಮ ತಾಮ್ರಶಾಸನಗಳಲ್ಲಿ ಎಷ್ಟೋ ಹೀಗೆ ಕುಲುಮೆಗೆ ಹೋದುವು. ದಂತವನ್ನು ಕೆರೆಯಬಹುದು, ತಿರುಗಿಸಿ ಬೆನ್ನ ಮೇಲೆ ಕೆತ್ತಬಹುದು, ಬೇರೆ ಕಡೆ ಜೋಡಿಸಬಹುದು. ಆದರೆ ಅದು ದಂತವಾಗಿಯೇ ಇರುತ್ತದೆ, ಹಳೆಯ ಗುರುತನ್ನು ಪೂರ್ತಿಯಾಗಿ ಬಿಟ್ಟುಕೊಡುವುದಿಲ್ಲ.

ಈ ದಂತವು ಎಲ್ಲಿಂದ ಬರುತ್ತಿತ್ತು? ಭಾರತೀಯ ಓದುಗನು ನಮ್ಮ ದೇಶವನ್ನು ನೆನೆಯುವುದು ಸಹಜ. ಸಾಂಚಿಯ ದಕ್ಷಿಣ ತೋರಣದ ಮೇಲೆ ಅಲ್ಲಿಯ ಕೆತ್ತನೆಯು ವಿದಿಶೆಯ ದಂತಕಾರರದೆಂದು ಹೇಳುವ ಬರಹವಿದೆ. ಪಾಂಪೆಯ ಅವಶೇಷಗಳಲ್ಲಿ ೧೯೩೮ರಲ್ಲಿ ದೊರೆತ ಭಾರತೀಯ ದಂತದ ಸ್ತ್ರೀವಿಗ್ರಹವು ಪ್ರಸಿದ್ಧವಾಗಿದೆ. ಪೆರಿಪ್ಲಸ್ ಗ್ರಂಥವು ನಮ್ಮ ಪಶ್ಚಿಮ ಕರಾವಳಿಯಿಂದ ಹೋಗುತ್ತಿದ್ದ ಸರಕುಗಳಲ್ಲಿ ದಂತವನ್ನು ಎಣಿಸುತ್ತದೆ. ಮುಚಿರಿ ಪಟ್ಟಣದ ವ್ಯಾಪಾರಕ್ಕೆ ಸಂಬಂಧಿಸಿದ ಎರಡನೆಯ ಶತಮಾನದ ಪಪೈರಸ್ ಪತ್ರವೊಂದರಲ್ಲಿಯೂ ದಂತದ ಲೆಕ್ಕವಿದೆ. ಆದರೆ ಈ ಅಭಿಮಾನವನ್ನು ಐದು, ಆರನೆಯ ಶತಮಾನಗಳಿಗೆ ಎಳೆಯಬಾರದು. ಹದಿನಾಲ್ಕು ಸೆಂಟಿಮೀಟರ್ ಅಗಲದ ಚಪ್ಪಟೆ ಹಲಗೆಯನ್ನು ಕೊಯ್ಯಬೇಕಾದರೆ ಬಹಳ ದಪ್ಪವಾದ ದಂತ ಬೇಕು. ಅಂಥದು ಆಫ್ರಿಕದ ಆನೆಯಲ್ಲಿ ಸುಲಭವಾಗಿ ಸಿಕ್ಕುತ್ತದೆ, ನಮ್ಮ ಆನೆಯಲ್ಲಿ ಅಪರೂಪ. ಆರನೆಯ ಶತಮಾನದಲ್ಲಿ ಕೆಂಪು ಸಮುದ್ರದ ಕಡೆ ಸಂಚರಿಸಿದ್ದ ವರ್ತಕ ಕಾಸ್ಮಾಸನು, ಭಾರತದ ಆನೆಗಳಿಗೆ ದೊಡ್ಡ ದಂತಗಳಿಲ್ಲವೆಂದೂ ಇಥಿಯೋಪಿಯದ ದಂತವೇ ಹಡಗಿನಲ್ಲಿ ಪಾರಸಿಕಕ್ಕೂ ರೋಮನರ ನಾಡಿಗೂ ಭಾರತಕ್ಕೂ ಹೋಗುತ್ತದೆಂದೂ ಬರೆದಿದ್ದಾನೆ. ಒಂದು ಕಾಲಕ್ಕೆ ಮಾರುತ್ತಿದ್ದ ದೇಶವು ಇನ್ನೊಂದು ಕಾಲಕ್ಕೆ ಕೊಳ್ಳುತ್ತಿತ್ತು. ಮುಂದೆಯೂ ನಮ್ಮ ದಂತಶಿಲ್ಪಿಗಳು ಆಫ್ರಿಕದ ದಂತವನ್ನು ಬಹುವಾಗಿ ಅವಲಂಬಿಸಿದ್ದರು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನಿಗೆ ೧೯೮೬ರಲ್ಲಿ ಮಾಡಿದ ತಿದ್ದುಪಡಿಯು ಭಾರತದ ದಂತದ ವ್ಯಾಪಾರವನ್ನೂ ೧೯೯೧ರ ತಿದ್ದುಪಡಿಯು ಆಮದಾದ ಆಫ್ರಿಕದ ದಂತದ ವ್ಯಾಪಾರವನ್ನೂ ನಿಲ್ಲಿಸಿದುವು. ಮೈಸೂರಿನ ಬೀಟೆಮರದ ಕುಂದಣ ಕೆಲಸದಲ್ಲಿ ಬಿಳಿಯ ಭಾಗಕ್ಕೆ ಈಗ ಪ್ಲಾಸ್ಟಿಕ್ ಬಳಕೆಯಾಗುವುದು ಈ ಕಾರಣದಿಂದಲೇ.

ಈಗ ಫಲಕಗಳ ಕಡೆಗೆ ಬರೋಣ. ಇಂದು ಉಳಿದಿರುವುವು ಕೆಲವು ಹತ್ತುಗಳಷ್ಟೇ. ಕಾನ್ಸಲನ ಹೆಸರಿನಿಂದ ವರ್ಷವನ್ನು ನಿರ್ಧರಿಸಬಹುದಾದ ಅತ್ಯಂತ ಹಳೆಯ ಫಲಕವು ೪೦೬ರ ಪ್ರೋಬಸನದು. ಇಟಲಿಯ ಆವೊಸ್ಟ ಪಟ್ಟಣದ ಕೆಥೆಡ್ರಲಿನಲ್ಲಿದೆ. ಅದರಲ್ಲಿ ವಿಚಿತ್ರವೆಂದರೆ ಪ್ರೋಬಸನು ಎಲ್ಲಿಯೂ ಇಲ್ಲ. ಎರಡು ಫಲಕಗಳಲ್ಲಿಯೂ ಹೊನೋರಿಯಸ್ ಚಕ್ರವರ್ತಿಯು ಕವಚವನ್ನು ಧರಿಸಿ ನಿಂತಿದ್ದಾನೆ. ಒಂದರಲ್ಲಿ ಅವನ ಕೈಯ ಧ್ವಜದ ಮೇಲೆ ಕ್ರಿಸ್ತನ ಹೆಸರಿನಲ್ಲಿ ಸದಾ ಜಯಶಾಲಿಯಾಗಲೆಂಬ ಹಾರೈಕೆ. ಪ್ರೋಬಸನ ಹೆಸರು ಕೆಳಗಿದೆ, ಚಕ್ರವರ್ತಿಯ ಸೇವಕನೆಂಬ ವಿಶೇಷಣದೊಡನೆ. ವಾಸ್ತವದಲ್ಲಿ ಈ ಹೊನೋರಿಯಸನು ರವೆನ್ನದ ಜೌಗುನೆಲದ ಆಶ್ರಯದಲ್ಲಿ ಅಡಗಿ ಕುಳಿತಿದ್ದವನು. ನಾಲ್ಕು ವರ್ಷಗಳ ಮೇಲೆ, ೪೧೦ರಲ್ಲಿ, ಗಾಥರು ರೋಮ್ ನಗರವನ್ನು ಸೂರೆಮಾಡಿದರು. ದಂತದ ಮೇಲಣ ಕವಚಕ್ಕೂ ಚರಿತ್ರೆಗೂ ಇರುವ ಈ ಅಂತರವನ್ನು ತರಗತಿಯಲ್ಲಿ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು.

ಇದೇ ಕಾಲಕ್ಕೆ ಸೇರಿದ, ಆದರೆ ಪದವಿಯನ್ನಲ್ಲದೆ ಸಾವನ್ನು ಸ್ಮರಿಸುವ ಒಂದು ಫಲಕವು ಬ್ರಿಟಿಷ್ ಮ್ಯೂಸಿಯಮಿನಲ್ಲಿದೆ. ಕೆಳಗೆ ನಾಲ್ಕು ಆನೆಗಳು ಎಳೆಯುವ ವಾಹನದಲ್ಲಿ ಮೃತನ ಪ್ರತಿಮೆ. ಅದರ ಹಿಂದೆ ಚಿತೆ. ಮೇಲ್ಗಡೆ ರೆಕ್ಕೆಯುಳ್ಳ ಇಬ್ಬರು ಅವನನ್ನು ಎತ್ತಿ ಸ್ವರ್ಗಕ್ಕೆ ಒಯ್ಯುತ್ತಿರುವ ದೃಶ್ಯ. ಅಲ್ಲಿ ಪೂರ್ವಿಕರು ಕಾದಿದ್ದಾರೆ. ವೀರನನ್ನು ಅಪ್ಸರೆಯರು ಕೊಂಡೊಯ್ಯುವ ನಮ್ಮ ವೀರಗಲ್ಲುಗಳ ನಡುವಣ ಪಟ್ಟಿಕೆಯನ್ನು ಬಲ್ಲವರಿಗೆ ಈ ರಚನೆ ಪರಿಚಿತವೆನಿಸೀತು. ಇಲ್ಲಿ ಪ್ರಭಾವವನ್ನು ಹುಡುಕುವುದು ವ್ಯರ್ಥ. ಕೆಳಗಿನಿಂದ ಮೇಲಕ್ಕೆ ಓದಿಸುವ ಕ್ರಮವು ಮಾತ್ರ ಎರಡು ಕಡೆಯಲ್ಲಿಯೂ ಒಂದೇ. ಮೇಲಿನ ಕೂಡಕ್ಷರವನ್ನು ಸಿಮ್ಮಾಕಸನ ವಂಶದ ಹೆಸರೆಂದು ಓದಿದ್ದಾರೆ. ಆನೆಯ ದಂತದ ಮೇಲೆ ಆನೆಯನ್ನು ಕೆತ್ತಿದ ಶಿಲ್ಪಿಯ ಕೈಯಲ್ಲಿ ಆ ಪ್ರಾಣಿಗಳು ಬಲು ಸಣ್ಣವಾಗಿವೆ.

ಆರನೆಯ ಶತಮಾನದ ಫಲಕಗಳಲ್ಲಿ ಒಂದು ನಿಶ್ಚಿತವಾದ ಮಾದರಿ ಕಾಣುತ್ತದೆ. ೫೦೬ರ ಆರಿಯೋಬಿಂಡಸ್, ೫೧೩ರ ಕ್ಲೆಮೆಂಟೀನಸ್, ೫೧೭ರ ಅನಸ್ತಾಸಿಯಸ್, ಈ ಮೂವರನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಉಡುಪಿನಲ್ಲಾಗಲಿ ಭಂಗಿಯಲ್ಲಾಗಲಿ ಹೆಚ್ಚಿನ ಭೇದವಿಲ್ಲ. ಕಸೂತಿಯ ಭಾರವಾದ ಉಡುಪನ್ನು ತೊಟ್ಟು ಸಿಂಹಮುಖದ ಪೀಠದ ಮೇಲೆ ಕಾನ್ಸಲನು ಎದುರುಮುಖವಾಗಿ ಕುಳಿತಿದ್ದಾನೆ. ಎಡಗೈಯಲ್ಲಿ ರಾಜದಂಡ. ಮೇಲೆತ್ತಿದ ಬಲಗೈಯಲ್ಲಿ ಮಡಿಸಿದ ಒಂದು ವಸ್ತ್ರಖಂಡ. ಅದನ್ನು ಅವನು ಕೆಳಕ್ಕೆ ಬಿಟ್ಟೊಡನೆ ಸ್ಪರ್ಧೆ ಆರಂಭವಾಗಬೇಕು. ಕ್ಲೆಮೆಂಟೀನಸನ ಇಕ್ಕೆಲದಲ್ಲಿ ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ ನಗರಗಳು ಸ್ತ್ರೀರೂಪದಿಂದ ನಿಂತಿವೆ. ನೆತ್ತಿಯ ಮೇಲೆ ಚಕ್ರವರ್ತಿ ಅನಸ್ತಾಸಿಯಸ್ ಮತ್ತು ಸಾಮ್ರಾಜ್ಞಿ ಅರಿಯಾಡ್ನೆಯ ಮುಖಗಳು. ಕಾಲ ಕೆಳಗೆ ಇಬ್ಬರು ಹುಡುಗರು ಚೀಲದಿಂದ ನಾಣ್ಯಗಳನ್ನು ಸುರಿಯುತ್ತಿದ್ದಾರೆ. ಆರಿಯೋಬಿಂಡಸನ ಕೆಳಗೆ ಅಖಾಡದ ವೃತ್ತ, ಅದರೊಳಗೆ ಮೃಗಗಳೊಡನೆ ಹೋರಾಡುವ ಆಳುಗಳು, ಗೋಡೆಯಾಚೆ ಇಣುಕುವ ಪ್ರೇಕ್ಷಕರ ತಲೆಗಳು. ಇವನ ಫಲಕಗಳು ಪ್ಯಾರಿಸ್, ಜೂರಿಚ್, ಸೇಂಟ್ ಪೀಟರ್ಸ್‌ಬರ್ಗ್ ಮೊದಲಾದ ಕಡೆ ಒಂದಕ್ಕಿಂತ ಹೆಚ್ಚಾಗಿ ಉಳಿದಿರುವುದರಿಂದ ಒಂದೇ ಮಾದರಿಯ ಮೇಲೆ ಹಲವು ಪ್ರತಿಗಳನ್ನು ಮಾಡುತ್ತಿದ್ದರೆಂಬುದು ಸ್ಪಷ್ಟ.

ಇದನ್ನೇ ಅವನತಿಯೆಂದು ಹಳೆಯ ವಿಮರ್ಶಕರು ಕರೆದದ್ದು. ಅವರ ಮಾತಿನಲ್ಲಿ ಸ್ವಲ್ಪ ನಿಜವಿಲ್ಲದಿಲ್ಲ. ಅಖಾಡದ ದೃಶ್ಯದಲ್ಲಿರುವ ಜೀವಕಳೆ ಮೇಲೆ ಕುಳಿತವನ ಮುಖದಲ್ಲಿಲ್ಲ. ಆದರೆ ಶಿಲ್ಪಿಯು ಹೊತ್ತ ಕೆಲಸ ಯಾವುದೆಂಬುದನ್ನು ಅವರು ಕೇಳಿಕೊಳ್ಳಲಿಲ್ಲ. ಅವನು ಮನುಷ್ಯನ ಭಾವಚಿತ್ರವನ್ನು ಕೆತ್ತುತ್ತಿರಲಿಲ್ಲ. ಒಂದು ಪದವಿಯನ್ನು, ಒಂದು ದಿನದ ಒಂದು ಕ್ಷಣವನ್ನು ಕೆತ್ತುತ್ತಿದ್ದನು. ವಸ್ತ್ರವು ಇನ್ನೂ ಕೈಯಲ್ಲಿದೆ. ಅದು ಬೀಳುವುದೇ ಇಲ್ಲ. ವ್ಯಕ್ತಿಯಾರೆಂಬುದನ್ನು ಹೇಳುವ ಭಾರವೆಲ್ಲ ಮೇಲಣ ಅಕ್ಷರಗಳ ಮೇಲೆ ಬಿದ್ದಿತು. ಆ ಅಕ್ಷರಗಳನ್ನು ತೆಗೆದರೆ ಉಳಿಯುವುದು ಯಾರಾದರೂ ಆಗಬಹುದಾದ ಒಬ್ಬ ಗಂಭೀರ ಪುರುಷ. ಮುಂದೆ ಆದದ್ದೂ ಅದೇ.

ಈ ಹಬ್ಬಕ್ಕೆ ತಗಲುತ್ತಿದ್ದ ವೆಚ್ಚವನ್ನೂ ಗಮನಿಸಬೇಕು. ೫೨೧ರಲ್ಲಿ, ಚಕ್ರವರ್ತಿಯಾಗುವುದಕ್ಕೆ ಆರು ವರ್ಷ ಮುಂಚೆ, ಜಸ್ಟಿನಿಯನ್ ಕಾನ್ಸಲನಾದನು. ಸಮಕಾಲೀನ ಚರಿತ್ರಕಾರ ಮಾರ್ಸೆಲ್ಲೀನಸನ ಪ್ರಕಾರ ಆಗ ಅವನು ಪ್ರಜೆಗಳಿಗೂ ಪ್ರದರ್ಶನಗಳಿಗೂ ೨,೮೮,೦೦೦ ಚಿನ್ನದ ನಾಣ್ಯಗಳನ್ನು ವೆಚ್ಚಮಾಡಿ, ಅಖಾಡದಲ್ಲಿ ೨೦ ಸಿಂಹಗಳನ್ನೂ ೩೦ ಚಿರತೆಗಳನ್ನೂ ಬಿಡಿಸಿದನು. ಅದೇ ವರ್ಷದ ಅವನ ಜೋಡಿಫಲಕಗಳು ಮೂರು ಉಳಿದಿವೆ. ಅವುಗಳಲ್ಲಿ ಅಖಾಡವೂ ಇಲ್ಲ, ಜಸ್ಟಿನಿಯನನ ವಿಗ್ರಹವೂ ಇಲ್ಲ. ನಡುವೆ ಒಂದು ಪದ್ಮದಂಥ ಅಲಂಕಾರ, ಅದರ ಸುತ್ತ ಕೆಲವು ಅಕ್ಷರಗಳು. ಬೆಲೆಯಲ್ಲಿ ಅಲ್ಪವಾದರೂ ಗೌರವದಲ್ಲಿ ತುಂಬಿದ ಕಾಣಿಕೆಯೆಂದು ಸೆನೆಟರುಗಳಿಗೆ ಅರ್ಪಿಸಿದ ವಿನಯದ ಮಾತು. ಡಯೊಕ್ಲೀಷಿಯನನ ದರಪಟ್ಟಿಯನ್ನು ನೆನೆದರೆ ಅದು ಬರಿಯ ವಿನಯವಲ್ಲ, ಲೆಕ್ಕಕ್ಕೂ ಸರಿಹೊಂದುವ ಮಾತು. ಲಕ್ಷಗಟ್ಟಲೆ ನಾಣ್ಯಗಳು ಒಂದು ವಾರದಲ್ಲಿ ಕರಗಿದುವು. ಅಲ್ಪಬೆಲೆಯ ದಂತವು ನ್ಯೂಯಾರ್ಕ್, ಮಿಲಾನ್, ಪ್ಯಾರಿಸ್ಸುಗಳಲ್ಲಿದೆ.

ಪದವಿಗೆ ಕೊನೆಯನ್ನು ತಂದವನೂ ಈ ಜಸ್ಟಿನಿಯನನೇ. ೫೪೧ರ ಬೆಸಿಲಿಯಸನ ತರುವಾಯ ಚಕ್ರವರ್ತಿಯ ಹೊರತು ಬೇರೆ ಯಾರೂ ಕಾನ್ಸಲರಾಗಲಿಲ್ಲ. ಬಹುಮತದ ಪ್ರಕಾರ ಅವನದೆಂದು ತಿಳಿಯಲಾದ ಜೋಡಿಯ ಒಂದು ಫಲಕ ಫ್ಲಾರೆನ್ಸಿನಲ್ಲಿಯೂ ಇನ್ನೊಂದರ ಭಾಗ ಮಿಲಾನಿನಲ್ಲಿಯೂ ಇದೆ. ಅಲ್ಲಿಂದ ಮುಂದೆ ಹಲವು ವರ್ಷಗಳವರೆಗೆ ಬೆಸಿಲಿಯಸನ ತರುವಾಯ ಇಷ್ಟನೆಯ ವರ್ಷ ಎಂದು ಬರೆಯುತ್ತ ಹೋದರು. ಹೆಸರಿಲ್ಲದ ವರ್ಷಗಳು ಹೀಗೆ ಹಳೆಯ ಹೆಸರಿನ ನೆರಳಿನಲ್ಲಿ ನಡೆದುವು. ಇದಕ್ಕೆ ಎರಡೇ ವರ್ಷಗಳ ಬಳಿಕ, ಶಕವರ್ಷ ೪೬೫ರಲ್ಲಿ, ಎಂದರೆ ಕ್ರಿ. ಶ. ೫೪೩ರಲ್ಲಿ, ಮೊದಲನೆಯ ಪುಲಕೇಶಿಯು ಬಾದಾಮಿಯ ಬಂಡೆಯ ಮೇಲೆ ತನ್ನ ಕೋಟೆಯ ಶಾಸನವನ್ನು ಕೆತ್ತಿಸಿದನು. ಎರಡು ಘಟನೆಗಳಿಗೂ ಸಂಬಂಧವೇನೂ ಇಲ್ಲ. ಆದರೂ ವ್ಯಕ್ತಿಯ ಹೆಸರಿನಿಂದ ವರ್ಷವನ್ನು ಎಣಿಸುವ ಒಂದು ಪದ್ಧತಿ ಅಲ್ಲಿ ಮುಗಿಯುತ್ತಿದ್ದಾಗ, ಯಾವ ಒಬ್ಬ ಅಧಿಕಾರಿಯ ಹೆಸರಿಗೂ ಕಟ್ಟುಬೀಳದ ಶಕಗಣನೆಯು ಇಲ್ಲಿ ಬಂಡೆಗೆ ಏರುತ್ತಿತ್ತೆಂಬುದು ನಮ್ಮ ವಿದ್ಯಾರ್ಥಿಗಳು ನೆನಪಿನಲ್ಲಿಡಬಹುದಾದ ಸಂಗತಿ.

ಕಾನ್ಸಲರು ಹೋದರು. ಮನೆಮನೆಗಳಲ್ಲಿದ್ದ ಫಲಕಗಳು ಏನಾದುವು? ಇಲ್ಲಿ ಚರ್ಚಿನ ಒಂದು ಆಚರಣೆಯನ್ನು ತಿಳಿಯಬೇಕು. ಪೂಜಾಸಮಯದಲ್ಲಿ ಜೀವಿಸಿರುವ ದಾನಿಗಳ, ಬಿಷಪರ, ಮೃತರಾದ ಭಕ್ತರ ಹೆಸರುಗಳನ್ನು ಓದಿ ಅವರಿಗಾಗಿ ಪ್ರಾರ್ಥಿಸುವ ಪದ್ಧತಿಯಿತ್ತು. ಆ ಹೆಸರುಗಳನ್ನು ಬರೆದಿಡಲು ಮಡಿಕೆಯ ಹಲಗೆ ಬೇಕು. ಒಳಗೆ ಬರೆಯಲು ಸಿದ್ಧವಾದ ತಗ್ಗು, ಹೊರಗೆ ಅಂದವಾದ ಕೆತ್ತನೆ, ಬಾಳಿಕೆ ಬರುವ ದ್ರವ್ಯ. ಕಾನ್ಸಲರ ಫಲಕಗಳು ಈ ಕೆಲಸಕ್ಕೆ ಮಾಡಿಟ್ಟಂತೆ ಇದ್ದುವು. ಕ್ರಮೇಣ ಡಿಪ್ಟಿಕ್ ಎಂಬ ಮಾತಿಗೆ ಹಲಗೆಯೆಂಬ ಅರ್ಥ ಹಿಂದೆ ಸರಿದು, ಪ್ರಾರ್ಥನೆಯಲ್ಲಿ ಓದುವ ಹೆಸರುಗಳ ಪಟ್ಟಿಯೆಂಬ ಅರ್ಥ ಮುಂದೆ ಬಂದಿತು. ಕಡತಕ್ಕೆ ನಮ್ಮಲ್ಲಿ ಆದಂತೆಯೇ ಇದು.

ಕ್ಲೆಮೆಂಟೀನಸನ ಫಲಕವನ್ನು ತಿರುಗಿಸಿ ನೋಡೋಣ. ಅದು ಈಗ ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿದೆ. ಒಳಮೈಯಲ್ಲಿ ಗ್ರೀಕ್ ಅಕ್ಷರಗಳ ಪ್ರಾರ್ಥನೆಯೊಂದನ್ನು ಕೊರೆದಿದ್ದಾರೆ. ಪೋಪ್ ಹೇಡ್ರಿಯನನ ಮೊದಲನೆಯ ವರ್ಷದ ಉಲ್ಲೇಖವಿರುವುದರಿಂದ ಅದು ೭೭೨ಕ್ಕೆ ಸೇರಿದ್ದು. ಹೊರಗಿನ ಕೆತ್ತನೆಗಿಂತ ೨೫೯ ವರ್ಷ ಈಚಿನದು. ಸೇಂಟ್ ಅಗಾಥಳ ಚರ್ಚಿನ ಪಾದ್ರಿ ಜಾನ್ ಎಂಬವನು ತನ್ನನ್ನು ನೆನೆಯಬೇಕೆಂದು ದೇವರನ್ನು ಬೇಡಿಕೊಂಡಿದ್ದಾನೆ. ಹೊರಗೆ ಎರಡು ನಗರಗಳ ನಡುವೆ ಮೆರೆಯುವ ಕಾನ್ಸಲ್, ಒಳಗೆ ತಾನು ಅಲ್ಪನೆಂದುಕೊಂಡ ಪಾದ್ರಿ. ವರ್ಷಕ್ಕೆ ಹೆಸರು ಕೊಟ್ಟವನ ಫಲಕದೊಳಗೆ ಪೋಪನ ಹೆಸರಿನಿಂದ ವರ್ಷವನ್ನು ಎಣಿಸಿರುವುದನ್ನೂ ನೋಡಬೇಕು. ಈ ಪ್ರಾರ್ಥನೆಯಿಲ್ಲದಿದ್ದರೆ ಕ್ಲೆಮೆಂಟೀನಸನ ಫಲಕವನ್ನು ಕಾಪಾಡಲು ಎಂಟನೆಯ ಶತಮಾನದ ಯಾವನಿಗೂ ಕಾರಣವಿರಲಿಲ್ಲ.

ಬ್ರೆಷಿಯ ನಗರದಲ್ಲಿರುವ ೪೮೭ರ ಬೊಯೀಥಿಯಸನ ಫಲಕದ ಕಥೆ ಇನ್ನೂ ಮನಮುಟ್ಟುವಂಥದು. ಈತನು ಪ್ರಸಿದ್ಧ ತತ್ತ್ವಜ್ಞಾನಿ ಬೊಯೀಥಿಯಸನ ತಂದೆ. ಒಂದು ಫಲಕದಲ್ಲಿ ನಿಂತು, ಇನ್ನೊಂದರಲ್ಲಿ ಕುಳಿತು, ದಪ್ಪ ಮುಖದ ಈ ಅಧಿಕಾರಿಯು ಕಾಲ ಬಳಿ ಹಣದ ಚೀಲಗಳನ್ನೂ ತಾಳೆಗರಿಗಳನ್ನೂ ಇಟ್ಟುಕೊಂಡಿದ್ದಾನೆ. ಮೇಲೆ ಅವನು ವಹಿಸಿದ್ದ ಪದವಿಗಳ ಸಂಕ್ಷೇಪಾಕ್ಷರಗಳ ಸಾಲು. ಮಗನು ಚಿಕ್ಕವನಿರುವಾಗಲೇ ತಂದೆ ತೀರಿಕೊಂಡನು. ಮಗನು ೫೧೦ರಲ್ಲಿ ಕಾನ್ಸಲನಾದನು. ೫೨೨ರಲ್ಲಿ ಅವನ ಇಬ್ಬರು ಮಕ್ಕಳೂ ಒಂದೇ ವರ್ಷ ಕಾನ್ಸಲರಾದರು. ಅದಾದ ಸುಮಾರು ಎರಡು ವರ್ಷಗಳಲ್ಲಿ ರಾಜದ್ರೋಹದ ಆಪಾದನೆಯ ಮೇಲೆ ಅವನನ್ನು ಕೊಲ್ಲಿಸಲಾಯಿತು. ಸೆರೆಯಲ್ಲಿ ಅವನು ಬರೆದ ತತ್ತ್ವಶಾಸ್ತ್ರದ ಸಾಂತ್ವನವೆಂಬ ಗ್ರಂಥದಲ್ಲಿ, ಮಕ್ಕಳಿಬ್ಬರೂ ಕಾನ್ಸಲರಾದ ಆ ದಿನವು ಅವನ ಬಾಳಿನ ಅತ್ಯುನ್ನತ ಭಾಗ್ಯವಾಗಿ ನೆನಪಿಗೆ ಬರುತ್ತದೆ. ಅಧಿಕಾರವಿಲ್ಲದ ಪದವಿಯೊಂದು ಬುದ್ಧಿವಂತರಾದವರಿಗೂ ಎಷ್ಟು ಪ್ರಿಯವಾಗಿತ್ತೆಂಬುದು ಇದರಿಂದ ತಿಳಿಯುತ್ತದೆ. ಆ ಮೂರು ವರ್ಷಗಳಲ್ಲಿ ದಂತದ ಮೇಲೆ ಉಳಿದಿರುವುದು ತಂದೆಯದು ಮಾತ್ರ. ಅದರ ಒಳಮೈಯಲ್ಲಿ ಲಾಜರಸನು ಸಾವಿನಿಂದ ಎದ್ದುಬರುವ ದೃಶ್ಯವನ್ನೂ ಜೆರೋಮ್, ಅಗಸ್ಟೀನ್, ಗ್ರೆಗರಿ ಎಂಬ ಮೂವರು ಚರ್ಚಿನ ಆಚಾರ್ಯರನ್ನೂ ಬಣ್ಣದಲ್ಲಿ ಬರೆದಿದ್ದಾರೆ. ಪ್ರಾರ್ಥನೆಯ ಹೆಸರುಗಳೂ ಇವೆ.

ಲೂವ್ರ್ ಸಂಗ್ರಹಾಲಯದ ಬಾರ್ಬೆರಿನಿ ಫಲಕವು ಕಾನ್ಸಲನದಲ್ಲ, ಚಕ್ರವರ್ತಿಯದು. ಐದು ತುಂಡುಗಳನ್ನು ಜೋಡಿಸಿದ ದೊಡ್ಡ ಕೃತಿಯಾದ ಇದರಲ್ಲಿ ಒಂದು ತುಂಡು ಕಳೆದುಹೋಗಿದೆ. ನಡುವೆ ಕುದುರೆಯ ಮೇಲೆ ಚಕ್ರವರ್ತಿ, ಪ್ರಾಯಶಃ ಜಸ್ಟಿನಿಯನ್. ಕೆಳಗಿನ ಪಟ್ಟಿಯಲ್ಲಿ ಕಪ್ಪಕಾಣಿಕೆಗಳನ್ನು ತರುವ ಪರದೇಶದವರು. ಅವರಲ್ಲಿ ಆನೆ ಮತ್ತು ಹುಲಿಗಳೊಡನೆ ಒಂದು ದಂತವನ್ನು ಹೊತ್ತು ಬರುವವರನ್ನು ಭಾರತೀಯರೆಂದು ಗುರುತಿಸಿದ್ದಾರೆ. ಯಾವ ಭಾರತೀಯ ಅರಸನೂ ಅವನಿಗೆ ಕಪ್ಪವನ್ನು ಕೊಟ್ಟವನಲ್ಲ. ಕಾಸ್ಮಾಸನ ಮಾತನ್ನು ನಂಬುವುದಾದರೆ ಆ ದಂತದ ಮೂಲವೂ ಇಥಿಯೋಪಿಯವೇ ಆಗಿರಬೇಕು. ಸ್ಮಾರಕವು ಸತ್ಯವನ್ನಲ್ಲ, ಬಯಕೆಯನ್ನು ಕೆತ್ತುತ್ತದೆಂಬ ಮಾತು ಹೊನೋರಿಯಸನ ಕವಚದಷ್ಟೇ ಇಲ್ಲಿಯೂ ಅನ್ವಯಿಸುತ್ತದೆ. ಇದರ ಬೆನ್ನಿನ ಮೇಲೆ ಏಳನೆಯ ಶತಮಾನದಲ್ಲಿ ಶಾಯಿಯಿಂದ ಬರೆದ ಲ್ಯಾಟಿನ್ ಹೆಸರುಗಳ ಪಟ್ಟಿಯಿದೆ. ಫ್ರಾಂಕರ ಮೆರೋವಿಂಜಿಯನ್ ವಂಶದ ದೊರೆಗಳ ಹೆಸರುಗಳು ಅದರಲ್ಲಿ ಸೇರಿವೆ. ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿಯ ವಿಜಯಫಲಕವು ನೂರಾರು ಗಾವುದ ದೂರದಲ್ಲಿ, ಅವನ ಆಳ್ವಿಕೆಗೆ ಒಳಪಡದ ದೊರೆಗಳಿಗಾಗಿ ಪ್ರಾರ್ಥಿಸುವ ಹಲಗೆಯಾಯಿತು.

ಬರೆಯುವುದು ಸಾಲದಾದಾಗ ಕೆತ್ತಿದರು. ಆರಿಯೋಬಿಂಡಸನ ಒಂದು ಫಲಕವನ್ನು ಒಂಬತ್ತನೆಯ ಶತಮಾನದಲ್ಲಿ ತಿರುಗಿಸಿ ಅದರ ಬೆನ್ನಿನ ಮೇಲೆ ಆದಮ, ಈವರು ಇರುವ ಭೂಸ್ವರ್ಗವನ್ನೂ ಮೃಗಗಳ ಸಾಲನ್ನೂ ಕೆತ್ತಿದರು, ಅದೂ ಲೂವ್ರಿನಲ್ಲಿದೆ. ಇಟಲಿಯ ಮೊಂಜದಲ್ಲಿರುವ ಜೋಡಿಫಲಕವು ಇನ್ನೂ ವಿಲಕ್ಷಣವಾದುದು. ಕಾನ್ಸಲನ ಉಡುಪು, ಕಾನ್ಸಲನ ದಂಡ, ಕೈಯಲ್ಲಿ ಅದೇ ವಸ್ತ್ರಖಂಡ. ಆದರೆ ಅಕ್ಷರಗಳು ಒಬ್ಬನನ್ನು ದೊರೆ ಡೇವಿಡ್ ಎಂದೂ ಇನ್ನೊಬ್ಬನನ್ನು ಸಂತ ಗ್ರೆಗರಿ ಎಂದೂ ಕರೆಯುತ್ತವೆ. ಹಳೆಯ ಕಾನ್ಸಲರನ್ನೇ ತಿದ್ದಿದರೆಂದು ಕೆಲವರು, ಹಳೆಯದನ್ನು ನೋಡಿ ಹೊಸದಾಗಿ ಕೆತ್ತಿದರೆಂದು ಕೆಲವರು ವಾದಿಸುತ್ತಾರೆ. ಯಾವುದಾದರೂ ಆಗಲಿ, ಪ್ರಾರ್ಥನೆಗೆ ನಿಂತ ಸಂತನ ಕೈಯಲ್ಲಿ ರಥಸ್ಪರ್ಧೆಯ ಬಟ್ಟೆ ಉಳಿದುಬಿಟ್ಟಿದೆ.

ಹೆಸರು ಬದಲಾದುದರಿಂದ ಸ್ಮಾರಕವು ಬದುಕಿದ ಉದಾಹರಣೆ ಕಂಚಿನಲ್ಲಿಯೂ ಒಂದುಂಟು. ರೋಮಿನಲ್ಲಿರುವ ಮಾರ್ಕಸ್ ಅರೇಲಿಯಸನ ಅಶ್ವಾರೂಢ ವಿಗ್ರಹವನ್ನು ಮಧ್ಯಯುಗದವರು ಮೊದಲನೆಯ ಕ್ರೈಸ್ತ ಚಕ್ರವರ್ತಿ ಕಾನ್‌ಸ್ಟಂಟೀನನದೆಂದು ತಿಳಿದುದರಿಂದ ಅದು ಕುಲುಮೆಗೆ ಹೋಗಲಿಲ್ಲ. ಆದರೆ ಕಂಚಿನಲ್ಲಿ ಅದು ಬಹು ವಿರಳವಾದ ಅದೃಷ್ಟ. ದಂತದಲ್ಲಿ ಅದೇ ಸಾಮಾನ್ಯ ನಿಯಮದಂತೆ ಇದೆ. ಕಂಚಿನ ವಿಗ್ರಹಕ್ಕೆ ಹೊಸ ಹೆಸರು ಬರಬೇಕಾದರೆ ಹಳೆಯ ಹೆಸರು ಮರೆತುಹೋಗಬೇಕಾಗಿತ್ತು. ಎರಡು ಮುಖಗಳಿರುವ ದಂತಫಲಕದಲ್ಲಿ ಹಳೆಯ ಹೆಸರನ್ನು ಅಳಿಸದೆಯೇ ಹೊಸದನ್ನು ಬರೆಯಬಹುದಾಗಿತ್ತು.

ಇದರಿಂದ ಬೋಧಕರಿಗೆ ಒಂದು ಪ್ರಾಯೋಗಿಕವಾದ ಸೂಚನೆ ದೊರೆಯುತ್ತದೆ. ನಮ್ಮ ಗ್ರಂಥಗಳಲ್ಲಿ ಅಚ್ಚಾಗುವ ಛಾಯಾಚಿತ್ರಗಳು ಫಲಕದ ಕೆತ್ತಿದ ಮುಖವನ್ನು ಮಾತ್ರ ತೋರಿಸುತ್ತವೆ. ಶಾಸನಶಾಸ್ತ್ರದ ವಿದ್ಯಾರ್ಥಿಗೆ ತಾಮ್ರಪಟದ ಒಂದು ಹಲಗೆಯ ಒಂದೇ ಮಗ್ಗುಲನ್ನು ಕೊಟ್ಟು ಓದೆಂದರೆ ಅವನು ಒಪ್ಪುವುದಿಲ್ಲ. ಇಲ್ಲಿ ಮಾತ್ರ ನಾವು ಒಪ್ಪಿಕೊಂಡಿದ್ದೇವೆ. ಹಲವು ಸಂಗ್ರಹಾಲಯಗಳು ಈಗ ತಮ್ಮ ದಂತಫಲಕಗಳ ಎರಡು ಮಗ್ಗುಲುಗಳ ಚಿತ್ರಗಳನ್ನೂ ಪ್ರಕಟಿಸಿವೆ. ಉತ್ತರ ರೋಮನ್ ಕಾಲವನ್ನು ಪಾಠ ಹೇಳುವಾಗ ಕ್ಲೆಮೆಂಟೀನಸನ ಫಲಕವೊಂದನ್ನೇ ತೆಗೆದುಕೊಂಡು, ಮೊದಲು ೫೧೩ರ ಮುಖವನ್ನೂ ತರುವಾಯ ೭೭೨ರ ಒಳಮೈಯನ್ನೂ ತೋರಿಸಿ, ನಡುವಣ ೨೫೯ ವರ್ಷಗಳಲ್ಲಿ ಏನೇನು ಬದಲಾಯಿತೆಂದು ವಿದ್ಯಾರ್ಥಿಗಳನ್ನು ಕೇಳಬಹುದು. ಕಾಲಗಣನೆ, ಅಧಿಕಾರ, ಮತಧರ್ಮ, ಸೆನೆಟರನ ಸೌಧದಿಂದ ಚರ್ಚಿನ ಪೂಜಾಪೀಠದವರೆಗೆ ಫಲಕವು ಸಾಗಿದ ದಾರಿ, ಎಲ್ಲವೂ ಆ ಒಂದು ಗೇಣಗಲಕ್ಕಿಂತ ಕಿರಿದಾದ ಹಲಗೆಯ ಎರಡು ಮಗ್ಗುಲುಗಳಲ್ಲಿ ಅಡಕವಾಗಿವೆ.